ವಪೆಯ ಕೆಳಗಿನ ಜೋಳಿಗೆ

ಉಸಿರಾಟದ ಕ್ರಮವನ್ನು ತೋರಿಸುವ ಗಾಜಿನ ಜಾಡಿಯ ಪ್ರಯೋಗವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ತಳವಿಲ್ಲದ ಒಂದು ಜಾಡಿ. ಅದರ ಬಾಯಿಗೆ ಬಿರಡೆ. ಬಿರಡೆಯಲ್ಲಿ ತೂರಿಸಿದ ಕವಲು ನಳಿಕೆ. ಕವಲುಗಳ ತುದಿಗೆ ಕಟ್ಟಿದ ಎರಡು ಬಲೂನುಗಳು. ತಳಕ್ಕೆ ಬಿಗಿದ ರಬ್ಬರಿನ ಹಾಳೆ. ಹಾಳೆಯನ್ನು ಕೆಳಕ್ಕೆಳೆದೊಡನೆ ಜಾಡಿಯ ಒಳಗಿನ ಅವಕಾಶ ಹಿಗ್ಗುತ್ತದೆ, ಒತ್ತಡ ಕುಗ್ಗುತ್ತದೆ, ಹೊರಗಿನ ಗಾಳಿ ನಳಿಕೆಯೊಳಗೆ ನುಗ್ಗಿ ಬಲೂನುಗಳನ್ನು ಉಬ್ಬಿಸುತ್ತದೆ. ಬಾಯ್ಲನ ನಿಯಮಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವಿಲ್ಲವೆಂದು, ರಾಯಚೂರಿನ ಕಾಲೇಜೊಂದರಲ್ಲಿ ಎಂಟು ವರ್ಷಗಳಿಂದ ಭೌತಶಾಸ್ತ್ರವನ್ನು ಬೋಧಿಸುತ್ತ ಬಂದಿರುವ ನಾನು ನಂಬಿಕೊಂಡಿದ್ದೆ.

ಒಂದು ದಿನ, ದೇವದುರ್ಗದ ಕಡೆಯಿಂದ ನಿತ್ಯವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಮೇಡಂ, ಜಾಡಿ ಕೆಳಗ ಬರೇ ಗಾಳಿ ಐತಿ, ಹಾಳಿ ಇಳಿಯಾಕ ಜಾಗ ಐತಿ. ನಮ್ಮ ಮೈಯಾಗ ಅದರ ಕೆಳಗ ಹೊಟ್ಟಿ ಐತಲ್ರಿ. ಅದು ಎಲ್ಲಿಗೆ ಹೋಗಬೇಕು?" ತರಗತಿ ನಕ್ಕಿತು. ಹೊಟ್ಟೆ ಮುಂದಕ್ಕೆ ಉಬ್ಬುತ್ತದೆಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋದೆ. ಆ ಉತ್ತರ ತಪ್ಪಲ್ಲ. ಆದರೆ ಅರ್ಧ ಮಾತ್ರ. ಉಳಿದರ್ಧ ನನಗೂ ಆಗ ತಿಳಿದಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಅದೇ ವಾರ ಮಾನ್ವಿಯಲ್ಲಿ ನಮ್ಮ ಮನೆತನದ ಮದುವೆಯಿತ್ತು. ನನ್ನನ್ನು ಎತ್ತಿ ಆಡಿಸಿದ ಚಿಗವ್ವ ಬಂದಿರಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳುಹಿಸಿದ್ದಳು. ಮರುದಿನ ಅವಳ ಮನೆಗೆ ಹೋದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಗದ್ದೆಗಳಲ್ಲಿ ಮೂವತ್ತು ವರ್ಷ ಸಸಿ ಹಚ್ಚಿದ ಕೈ ಅವಳದು. ನಾಲ್ಕು ಮಕ್ಕಳ ತಾಯಿ. ಸುತ್ತಮುತ್ತ ಯಾರೂ ಇಲ್ಲದಾಗ ನಿಜವನ್ನು ಹೇಳಿದಳು. "ಕೆಮ್ಮು ಬಂತಂದ್ರ ತಡಿಲಾಕ ಆಗಂಗಿಲ್ಲವ್ವ. ಸೀರಿ ತೊಯ್ತದ. ನಾಕ ಮಂದ್ಯಾಗ ಹ್ಯಾಂಗ ಕುಂದ್ರಲಿ?" ಎಷ್ಟು ಕಾಲದಿಂದ ಹೀಗೆ ಎಂದು ಕೇಳಿದರೆ, ಕಿರಿಯ ಮಗ ಹುಟ್ಟಿದಾಗಿನಿಂದ ಎಂದಳು. ಆ ಮಗನಿಗೆ ಈಗ ಹದಿನೆಂಟು ವರ್ಷ. ಹದಿನೆಂಟು ವರ್ಷ ಒಬ್ಬ ಹೆಂಗಸು ಜಾತ್ರೆಗೆ, ಮದುವೆಗೆ, ದೂರದ ಬಸ್ಸಿನ ಪ್ರಯಾಣಕ್ಕೆ ನೆವಗಳನ್ನು ಹೂಡುತ್ತ ಕಳೆದಿದ್ದಳು. ಗಂಡನಿಗೂ ತಿಳಿಸಿರಲಿಲ್ಲ.

ವಿದ್ಯಾರ್ಥಿನಿಯ ಪ್ರಶ್ನೆಗೂ ಚಿಗವ್ವನ ಕೆಮ್ಮಿಗೂ ಸಂಬಂಧವುಂಟೆಂದು ಹೊಳೆದದ್ದು ಹಿಂತಿರುಗುವ ಬಸ್ಸಿನಲ್ಲಿ. ಅಲ್ಲಿಂದ ಮುಂದೆ ಕೆಲವು ತಿಂಗಳು ವೈದ್ಯಶಾಸ್ತ್ರದ ಗ್ರಂಥಗಳನ್ನೂ ಲೇಖನಗಳನ್ನೂ ಓದಿ, ವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹುಡುಗಿಯರು ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸುವವರು ಇರಬಹುದು. ಹೃದಯದ ಕವಾಟಗಳನ್ನು ವಿವರಿಸಲು ನಾಚದ ನಾವು ಇದಕ್ಕೇಕೆ ನಾಚಬೇಕೆಂದು ನನಗೆ ತಿಳಿಯದು.

ಮುಂಡದ ಒಳಭಾಗವನ್ನು ಎರಡು ಅಂತಸ್ತಿನ ಮನೆಯಂತೆ ಭಾವಿಸೋಣ. ಮೇಲಿನ ಅಂತಸ್ತಿನಲ್ಲಿ ಶ್ವಾಸಕೋಶಗಳೂ ಹೃದಯವೂ ಇವೆ. ಕೆಳಗಿನದರಲ್ಲಿ ಜಠರ, ಯಕೃತ್ತು, ಕರುಳುಗಳು, ಅವುಗಳ ಕೆಳಗೆ ಮೂತ್ರಕೋಶ, ಸ್ತ್ರೀಯರಲ್ಲಿ ಗರ್ಭಕೋಶ ಇವೆ. ಎರಡರ ನಡುವಣ ಅಟ್ಟವೇ ವಪೆ. ಬೋರಲಾಗಿಟ್ಟ ಬಟ್ಟಲಿನಾಕಾರದ ತೆಳುವಾದ ಸ್ನಾಯು. ಸಾಮಾನ್ಯವಾಗಿ ಉಸಿರೆಳೆದಾಗ ಅದು ಒಂದೆರಡು ಸೆಂಟಿಮೀಟರಿನಷ್ಟು ಕೆಳಗಿಳಿಯುತ್ತದೆ; ದೀರ್ಘವಾಗಿ ಎಳೆದಾಗ ಅದರ ಹಲವು ಪಟ್ಟು. ಮುಂದುಗಡೆ ಮತ್ತು ಪಕ್ಕಗಳಲ್ಲಿ ಹೊಟ್ಟೆಯ ಸ್ನಾಯುಗಳೇ ಗೋಡೆ; ಹಿಂದೆ ಬೆನ್ನೆಲುಬು. ಇನ್ನು ನೆಲ? ಸೊಂಟದ ಮೂಳೆಗಳು ಕೂಡಿ ಆದ ಬಳೆಗೆ ವಸ್ತಿಕುಹರವೆಂದು ಹೆಸರು. ಆ ಬಳೆಯ ಕೆಳಗಡೆ ಮೂಳೆಯಿಲ್ಲ, ತೆರಪು. ಅದನ್ನು ಮುಚ್ಚಿರುವುದು ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ತೂಗುಬಿಟ್ಟ ಸ್ನಾಯುಗಳ ಹಾಸು. ಗದ್ದೆಯ ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆಯನ್ನು ಕಟ್ಟಿ ಕೂಸನ್ನು ಮಲಗಿಸುವ ಜೋಳಿಗೆಯನ್ನು ನೆನೆದರೆ ಅದರ ಆಕಾರ ಮನಸ್ಸಿಗೆ ಬರುತ್ತದೆ. ಇದನ್ನು ವಸ್ತಿತಳದ ಸ್ನಾಯುಗಳೆಂದು ಕರೆಯೋಣ. ಪುರುಷರಲ್ಲಿ ಈ ಜೋಳಿಗೆಯನ್ನು ಹಾಯ್ದು ಹೋಗುವ ಮಾರ್ಗಗಳು ಎರಡು. ಸ್ತ್ರೀಯರಲ್ಲಿ ಮೂರು: ಮೂತ್ರನಾಳ, ಯೋನಿಮಾರ್ಗ, ಗುದನಾಳ. ನಡುವಿನದರ ಮೂಲಕ ಒಂದು ಶಿಶು ಹೊರಬರಬೇಕು. ತೂತು ಹೆಚ್ಚಿದಷ್ಟೂ, ತೂತು ದೊಡ್ಡದಾದಷ್ಟೂ ಜೋಳಿಗೆಗೆ ಕಷ್ಟವೆಂಬುದನ್ನು ಹೇಳಬೇಕಾದುದಿಲ್ಲ.

ಈಗ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಹೊಟ್ಟೆಯೊಳಗಿನ ಅಂಗಗಳು ಬಹುಮಟ್ಟಿಗೆ ನೀರಿನಿಂದ ಆದವು. ನೀರನ್ನು ಅದುಮಿ ಸಣ್ಣದಾಗಿಸಲಾಗದು. ಆದ್ದರಿಂದ ವಪೆ ಕೆಳಗಿಳಿದಾಗ ಸ್ಥಳಾಂತರಗೊಂಡ ಗಾತ್ರ ಬೇರೆಲ್ಲಾದರೂ ಜಾಗ ಹುಡುಕಲೇಬೇಕು. ಮುಂದಿನ ಗೋಡೆ ಉಬ್ಬಿ ಹೆಚ್ಚಿನ ಪಾಲನ್ನು ಒಳಗೊಳ್ಳುತ್ತದೆ. ಉಳಿದ ಸ್ವಲ್ಪ ಪಾಲಿಗೆ ನೆಲವೂ ಮಣಿಯುತ್ತದೆ! ಉಸಿರೆಳೆದಾಗ ಜೋಳಿಗೆ ತುಸು ತಗ್ಗುತ್ತದೆ. ಉಸಿರು ಬಿಟ್ಟಾಗ ವಪೆಯೊಡನೆ ತಾನೂ ಮೇಲೇರುತ್ತದೆ. ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್ ನಗರದಲ್ಲಿ ಹೆಲೆನಾ ತಲಾಜ್ ಎಂಬ ವೈದ್ಯೆಯೂ ಸಂಗಡಿಗರೂ ಆರೋಗ್ಯವಂತರಾದ ಕೆಲವು ಸ್ತ್ರೀಯರನ್ನು ಕಾಂತೀಯ ಅನುರಣನ ಯಂತ್ರದಲ್ಲಿ ಮಲಗಿಸಿ, ಉಸಿರಾಡುತ್ತಿರುವಾಗಲೇ ಚಿತ್ರಗಳನ್ನು ತೆಗೆದು ಈ ಜೋಡಿ ಚಲನೆಯನ್ನು 2011ರಲ್ಲಿ ಪ್ರಕಟಿಸಿದರು. ಅಟ್ಟವೂ ನೆಲವೂ ಒಂದೇ ತಾಳಕ್ಕೆ ಇಳಿದು ಏರುತ್ತವೆ. ಅದಕ್ಕೂ ಮೊದಲು, 2007ರಲ್ಲಿ, ಆಸ್ಟ್ರೇಲಿಯಾದ ಪಾಲ್ ಹಾಜಸ್ ಮತ್ತು ಸಂಗಡಿಗರು ಈ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು, ಅವು ಉಸಿರಾಟದೊಡನೆ ಏರಿಳಿಯುವುದನ್ನೂ ಉಸಿರು ಬಿಡುವ ಹೊತ್ತಿನಲ್ಲಿ ಹೊಟ್ಟೆಯ ಸ್ನಾಯುಗಳೊಂದಿಗೆ ಹೆಚ್ಚು ಚುರುಕಾಗುವುದನ್ನೂ ಕಂಡಿದ್ದರು.

ಇಂಥ ಏರಿಳಿತ ದಿನಕ್ಕೆ ಎಷ್ಟು ಬಾರಿ? ಮಾನ್ವಿಯವರಿಗೆ ಈ ಲೆಕ್ಕ ಹೊಸದಲ್ಲ. ಅಲ್ಲಿ ಬಾಳಿದ ಜಗನ್ನಾಥದಾಸರು ತಮ್ಮ 'ಹರಿಕಥಾಮೃತಸಾರ'ದ ಶ್ವಾಸಸಂಧಿಯಲ್ಲಿ ದಿನಕ್ಕೆ 21,600 ಉಸಿರುಗಳೆಂದು ಎಣಿಸಿದ್ದಾರೆ. ಇಪ್ಪತ್ತನಾಲ್ಕು ಗಂಟೆಗಳಿಗೆ ಹಂಚಿದರೆ ನಿಮಿಷಕ್ಕೆ ಸರಿಯಾಗಿ ಹದಿನೈದು ಬರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ಇಂದಿನ ಪಠ್ಯಪುಸ್ತಕಗಳು ಹೇಳುವ ಸಂಖ್ಯೆಯೂ ಹೆಚ್ಚುಕಡಿಮೆ ಅದೇ. ದಾಸರ ಉದ್ದೇಶ ಶರೀರಶಾಸ್ತ್ರವಾಗಿರಲಿಲ್ಲ. ಆದರೂ ಆ ಜೋಳಿಗೆ ದಿನವೊಂದಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತೂಗುತ್ತದೆಂದು ತಿಳಿಯಲು ನಮಗೆ ಅವರ ಸಂಖ್ಯೆಯೇ ಸಾಕು.

ಮೆಲ್ಲಗೆ ತೂಗುವುದರಿಂದ ಯಾವ ಹಾನಿಯೂ ಇಲ್ಲ. ಹಾನಿಯಾಗುವುದು ಒಮ್ಮೆಲೇ ಬೀಳುವ ಒತ್ತಡದಿಂದ. ಇಲ್ಲಿ ಕೆಲವು ಅಂಕಿಗಳನ್ನು ನೋಡುವುದು ಒಳ್ಳೆಯದು. ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತರ ಹೊಟ್ಟೆಯೊಳಗಿನ ಒತ್ತಡವನ್ನು ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಅಂಗಾತ ಮಲಗಿದಾಗ ಅದು ಪಾದರಸದ ಒಂದೆರಡು ಮಿಲಿಮೀಟರು ಮಾತ್ರ. ನಿಂತಾಗ ಸುಮಾರು 20 ಮಿಲಿಮೀಟರು. ಕೆಮ್ಮಿದಾಗ 100ಕ್ಕೂ ಮೇಲೆ. ನಿಂತಲ್ಲೇ ಜಿಗಿದಾಗ 170ರ ಸುಮಾರು. ನಿಂತಾಗಿನ ಸಂಖ್ಯೆ ನನಗೆ ಬಹಳ ಹಿಡಿಸಿತು. ಪಾದರಸದ 20 ಮಿಲಿಮೀಟರೆಂದರೆ ನೀರಿನ 27 ಸೆಂಟಿಮೀಟರು, ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ವಪೆಯಿಂದ ಮೂತ್ರಕೋಶದವರೆಗಿನ ಎತ್ತರವೂ ಸುಮಾರಾಗಿ ಅಷ್ಟೇ. ಎಂದರೆ ನಿಂತ ಮನುಷ್ಯನ ಹೊಟ್ಟೆ ಒಂದು ನೀರಿನ ತೊಟ್ಟಿಯಂತೆಯೇ ತಳವನ್ನು ಒತ್ತುತ್ತಿದೆ.

ಲೆಕ್ಕದ ಅನುಕೂಲಕ್ಕಾಗಿ ತಳದ ವಿಸ್ತೀರ್ಣವನ್ನು 100 ಚದರ ಸೆಂಟಿಮೀಟರೆಂದು ಇಟ್ಟುಕೊಳ್ಳೋಣ. ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬಲ. ಸುಮ್ಮನೆ ನಿಂತಾಗ 2.7 ಕಿಲೋಗ್ರಾಂ ಭಾರದಷ್ಟು ಬಲ, ಕೆಮ್ಮಿದಾಗ 13.6 ಕಿಲೋಗ್ರಾಂ, ಎಂದರೆ ತುಂಬಿದ ಒಂದು ಕೊಡ. ಪಕ್ಕದ ಮೂಳೆಗಳೂ ಬಂಧನ ತಂತುಗಳೂ ಇದರಲ್ಲಿ ಪಾಲು ಹೊರುತ್ತವೆ, ಹೊಟ್ಟೆ ನೀರಿನ ಪಾತ್ರೆಯಷ್ಟು ಸರಳವೂ ಅಲ್ಲ, ಪಾಸ್ಕಲನ ನಿಯಮ ಇಲ್ಲಿ ಅಂದಾಜಿಗೆ ಮಾತ್ರ ಸಲ್ಲುತ್ತದೆ. ಅಷ್ಟನ್ನು ಒಪ್ಪಿದ ಮೇಲೂ, ಪ್ರತಿ ಕೆಮ್ಮಿಗೂ ಕ್ಷಣಾರ್ಧದಲ್ಲಿ ಒಂದು ಕೊಡ ನೀರನ್ನು ಜೋಳಿಗೆಯ ಮೇಲೆ ಕುಕ್ಕಿದಂತಾಗುತ್ತದೆಂಬ ಚಿತ್ರ ಉಳಿಯುತ್ತದೆ.

ಹಾಗಾದರೆ ಕೆಮ್ಮಿದವರೆಲ್ಲರಿಗೂ ಏಕೆ ಸೋರುವುದಿಲ್ಲ? ಇದಕ್ಕೆ ಉತ್ತರ ಗದ್ದೆಯಲ್ಲಿದೆ. ಪಂಪಿನ ನೀರು ಹರಿಯುತ್ತಿರುವ ರಬ್ಬರಿನ ಪೈಪು ಗಟ್ಟಿಯಾದ ಬದುವಿನ ಮೇಲಿದ್ದಾಗ ಕಾಲಿನಿಂದ ತುಳಿದು ನೋಡಿ, ನೀರು ನಿಲ್ಲುತ್ತದೆ. ಅದೇ ಪೈಪು ಕೆಸರಿನಲ್ಲಿದ್ದಾಗ ತುಳಿದರೆ ಪೈಪೇ ಕೆಸರಿನೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಮೂತ್ರನಾಳ ಜೋಳಿಗೆಯ ಮೇಲೆ ಒರಗಿರುವ ಮೆದುವಾದ ಪೈಪು. ಕೆಮ್ಮಿನ ಒತ್ತಡ ಮೂತ್ರಕೋಶವನ್ನು ಹಿಂಡುವುದು ನಿಜ. ಆದರೆ ಅದೇ ಒತ್ತಡ ಮೂತ್ರನಾಳವನ್ನೂ ಕೆಳಗಿನ ಹಾಸಿಗೆ ಅದುಮಿ ಮುಚ್ಚುತ್ತದೆ. ಹಾಸು ಗಟ್ಟಿಯಾಗಿರಬೇಕು, ಅಷ್ಟೇ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜಾನ್ ಡಿಲಾನ್ಸಿ 1994ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದು. ಆರೋಗ್ಯವಂತಳಾದ ಹೆಂಗಸಿನಲ್ಲಿ ಕೆಮ್ಮಿನ ಒತ್ತಡ ಏರುವ ಮೊದಲೇ, ಅವಳಿಗೆ ಅರಿವಿಲ್ಲದೆಯೇ, ಜೋಳಿಗೆ ಬಿಗಿದುಕೊಳ್ಳುತ್ತದೆ. ಇನ್ಸ್‌ಬ್ರುಕ್ಕಿನ ಚಿತ್ರಗಳಲ್ಲಿಯೂ ಕೆಮ್ಮುವ ಕ್ಷಣದಲ್ಲಿ ತಳ ಕೆಳಗೆ ಕುಸಿಯದೆ ವಪೆಯೊಡನೆ ಮೇಲಕ್ಕೇ ಹೋಗುವುದು ಕಂಡಿತು.

ಈ ಬಿಗಿತ ಕೆಡುವುದಕ್ಕೆ ಕಾರಣಗಳು ಹಲವು. ಹೆರಿಗೆಯೇ ಮೊದಲನೆಯದು. ಡಿಲಾನ್ಸಿಯವರ ಸಂಗಡಿಗರೇ 2004ರಲ್ಲಿ ಹೆರಿಗೆಯನ್ನು ಗಣಕಯಂತ್ರದ ಮಾದರಿಯಲ್ಲಿ ಲೆಕ್ಕಹಾಕಿದಾಗ, ಜಘನಾಸ್ಥಿಗೆ ಅಂಟಿದ ಒಳಗಿನ ಸ್ನಾಯುವಿನ ಎಳೆ ತನ್ನ ಮೂಲ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗಬೇಕಾಗುತ್ತದೆಂದು ತಿಳಿದುಬಂತು. ದೇಹದ ಮತ್ತಾವ ಸ್ನಾಯುವಿನಿಂದಲೂ ನಾವು ಇದನ್ನು ನಿರೀಕ್ಷಿಸುವುದಿಲ್ಲ. ಹಿಗ್ಗಿದ್ದು ಮತ್ತೆ ಕೂಡಿಕೊಳ್ಳಲು ತಿಂಗಳುಗಳು ಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆಗೆ ತವರಿನಲ್ಲಿ ಬಾಣಂತನ ನಡೆಯುತ್ತದೆ. ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಎಷ್ಟು ದಿನದ ವಿಶ್ರಾಂತಿ ಸಿಗುತ್ತದೆಂಬುದು ಎಲ್ಲರಿಗೂ ಗೊತ್ತು. ಚಿಗವ್ವ ಕಿರಿಯ ಮಗನನ್ನು ಹೆತ್ತ ತಿಂಗಳೊಳಗೆ ಸಿಂಬಿಯ ಮೇಲೆ ಕೊಡ ಹೊತ್ತಿದ್ದಳು. ಬಹುಕಾಲದ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಮೈ ಬೊಜ್ಜು, ಮುಟ್ಟು ನಿಂತ ಮೇಲಿನ ಬದಲಾವಣೆಗಳು, ಇವೂ ಸೇರುತ್ತವೆ. ಒಲೆಯ ಹೊಗೆಯಲ್ಲಿ ಕೆಮ್ಮುವವರ ಕಷ್ಟ ಕಣ್ಣಿಗೆ, ಎದೆಗೆ ಮಾತ್ರವೆಂದು ತಿಳಿಯಬಾರದು.

ತಾಯಂದಿರಿಗೆ ಮಾತ್ರ ಬರುವ ತೊಂದರೆಯೆಂದು ನಾನೂ ಭಾವಿಸಿದ್ದೆ. ಸ್ವೀಡನ್ನಿನಲ್ಲಿ ನೆಗೆತದ ಬಲೆಯ ಮೇಲೆ ಲಾಗ ಹಾಕುವ ಕ್ರೀಡೆಯ 35 ಮಂದಿ ಹುಡುಗಿಯರನ್ನು ಪ್ರಶ್ನಿಸಿ 2002ರಲ್ಲಿ ಪ್ರಕಟಿಸಿದ ವರದಿ ಆ ಭಾವನೆಯನ್ನು ಕಳೆಯಿತು. ಅವರಲ್ಲಿ ಯಾರೂ ಹೆತ್ತವರಲ್ಲ, ಸರಾಸರಿ ವಯಸ್ಸು ಹದಿನೈದು; ಆದರೂ ನೂರಕ್ಕೆ 80ರಷ್ಟು ಮಂದಿಗೆ ಅಭ್ಯಾಸದ ವೇಳೆ ಮೂತ್ರ ಸೋರುತ್ತಿತ್ತು. ಖೊಖೊ, ಕಬಡ್ಡಿ, ಎತ್ತರ ಜಿಗಿತಗಳಲ್ಲಿ ತೊಡಗಿರುವ ನಮ್ಮ ಹುಡುಗಿಯರಲ್ಲಿ ಯಾರಿಗಾದರೂ ಹೀಗಾದರೆ, ಅದು ತಮ್ಮೊಬ್ಬರ ದೋಷವೆಂದು ಕೊರಗದೆ ಇರಲೆಂದು ಈ ಮಾತನ್ನು ಇಲ್ಲಿ ಹೇಳಿದೆ.

ಇಷ್ಟಾದ ಮೇಲೆ ಉಸಿರನ್ನು ಬಿಗಿಹಿಡಿಯುವ ವಿಷಯ. ಇಟಲಿಯ ಬೊಲೋನ್ಯದ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ವಾಲ್ಸಾಲ್ವ 1704ರಲ್ಲಿ ಕಿವಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಬಾಯಿ ಮೂಗುಗಳನ್ನು ಮುಚ್ಚಿಕೊಂಡು ಉಸಿರನ್ನು ಹೊರಕ್ಕೆ ನೂಕುವ ಕ್ರಿಯೆಯನ್ನು ವರ್ಣಿಸಿದನು. ಗಂಟಲನ್ನು ಮುಚ್ಚಿ ತಿಣುಕುವುದಕ್ಕೆಲ್ಲ ವೈದ್ಯರು ಇಂದಿಗೂ ಅವನ ಹೆಸರನ್ನೇ ಇಟ್ಟಿದ್ದಾರೆ. ಭಾರವನ್ನು ಎತ್ತುವಾಗ ನಾವೆಲ್ಲರೂ ಇದನ್ನೇ ಮಾಡುತ್ತೇವೆ. ದೀರ್ಘವಾಗಿ ಉಸಿರೆಳೆದು, ಗಂಟಲನ್ನು ಮುಚ್ಚಿ, ಹೊಟ್ಟೆಯನ್ನು ಬಿಗಿದು, ಕೊಡವನ್ನು ನೆಲದಿಂದ ಸೊಂಟಕ್ಕೆ, ಸೊಂಟದಿಂದ ತಲೆಗೆ ಏರಿಸುತ್ತೇವೆ. ಬೆನ್ನೆಲುಬಿಗೆ ಇದರಿಂದ ಆಸರೆ ದೊರೆಯುತ್ತದೆ; ಗಾಳಿ ತುಂಬಿದ ಚಕ್ರ ಗಾಡಿಯನ್ನು ಹೊರುವಂತೆ. ಆದರೆ ಅಟ್ಟ ಕೆಳಗಿಳಿದು ನಿಂತಿದೆ, ಗೋಡೆ ಒಳಕ್ಕೆ ಒತ್ತುತ್ತಿದೆ. ಒತ್ತಡಕ್ಕೆ ಮಣಿಯಬಲ್ಲ ಜಾಗ ಇನ್ನುಳಿದದ್ದು ಯಾವುದು? ನೆಲ. ಅದೂ ಆಗ ತಗ್ಗಿದ ಸ್ಥಿತಿಯಲ್ಲಿದೆ. ಎತ್ತುವ ಕ್ಷಣದಲ್ಲಿ ಉಸಿರನ್ನು ಮೆಲ್ಲಗೆ ಹೊರಬಿಡುತ್ತಿದ್ದರೆ ಗಂಟಲು ತೆರೆದಿರುತ್ತದೆ, ವಪೆ ಮೇಲಕ್ಕೆ ಸರಿಯಲು ಎಡೆಯುಂಟು. ಒತ್ತಡ ತುತ್ತತುದಿಗೆ ಏರದು, ಜೋಳಿಗೆಯೂ ಮೇಲ್ಮುಖವಾಗಿರುವ ಹೊತ್ತು ಅದು. ಬಹು ದೊಡ್ಡ ಭಾರವಾದರೆ ಬೆನ್ನಿನ ರಕ್ಷಣೆಗೆ ಉಸಿರು ಹಿಡಿಯಲೇಬೇಕಾಗಬಹುದು. ಆಗ ಭಾರವನ್ನೇ ಇಬ್ಬರು ಹಂಚಿಕೊಳ್ಳುವುದು ಲೇಸು.

ಇಲ್ಲಿ ನನ್ನದೊಂದು ಊಹೆಯನ್ನು ಸೇರಿಸುತ್ತೇನೆ. ಪ್ರಮಾಣವಿಲ್ಲದ ಊಹೆಯೆಂದೇ ಓದಬೇಕು. ನಮ್ಮಜ್ಜಿ ಬೀಸುವಾಗ ಹಾಡುತ್ತಿದ್ದಳು, ಒನಕೆಯಿಂದ ಕುಟ್ಟುವಾಗ ಒನಕೆ ಬೀಳುವ ಕ್ಷಣಕ್ಕೆ ಸರಿಯಾಗಿ 'ಹುಂ' ಎನ್ನುತ್ತಿದ್ದಳು. ಹಾಡುವವಳು ಉಸಿರನ್ನು ಕಟ್ಟಲಾರಳು. 'ಹುಂ' ಎಂದರೂ ಉಸಿರು ಹೊರಗೇ ಬರಬೇಕು. ಬಗ್ಗಿ ಸಸಿ ಹಚ್ಚುವ ಹೆಂಗಸರು ಸಾಲುಹಿಡಿದು ಪದ ಹೇಳುವಾಗಲೂ ಅಷ್ಟೆ. ಆ ಹಾಡುಗಳು ಬೇಸರ ಕಳೆಯಲು ಹುಟ್ಟಿದುವೆಂದು ಎಲ್ಲರೂ ಬರೆಯುತ್ತಾರೆ. ಉಸಿರಿನ ಲೆಕ್ಕವೂ ಅವುಗಳಲ್ಲಿ ಇದ್ದಿರಬಾರದೇಕೆ?

ತಳಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಬಲಪಡಿಸಬಹುದೆಂದು ಆಧುನಿಕ ವೈದ್ಯಕ್ಕೆ ತೋರಿಸಿಕೊಟ್ಟವನು ಅಮೆರಿಕದ ಆರ್ನಲ್ಡ್ ಕೀಗಲ್. 1948ರಲ್ಲಿ ಪ್ರಕಟವಾದ ಅವನ ಲೇಖನ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಭೌತಶಾಸ್ತ್ರದವಳಾದ ನನಗೆ ಅವನ ಉಪಕರಣ ಹೆಚ್ಚು ರುಚಿಸಿತು. ಒಳಗೆ ಇರಿಸಬಹುದಾದ ಗಾಳಿಯ ಸಣ್ಣ ಕೋಶ, ಅದರಿಂದ ಹೊರಟ ನಳಿಕೆ, ನಳಿಕೆಯ ತುದಿಗೆ ಒತ್ತಡಮಾಪಕ. ಸ್ನಾಯುಗಳನ್ನು ಬಿಗಿದಾಗ ಮುಳ್ಳು ಏರುವುದನ್ನು ರೋಗಿ ತಾನೇ ಕಣ್ಣಾರೆ ಕಾಣುತ್ತಿದ್ದಳು. ಕಣ್ಣಿಗೆ ಕಾಣದ ಸ್ನಾಯುವಿಗೆ ಅವನು ಒಂದು ಮುಳ್ಳನ್ನು ಕೊಟ್ಟನು! ಕೇವಲ ಬಾಯಿಮಾತಿನ ಸೂಚನೆ ಸಾಲದೆಂಬುದು ಅನಂತರವೂ ದೃಢಪಟ್ಟಿದೆ. 1991ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 47 ಮಂದಿ ಸ್ತ್ರೀಯರಿಗೆ ಮಾತಿನಲ್ಲಿ ಮಾತ್ರ ಹೇಳಿಕೊಟ್ಟಾಗ ಅರ್ಧದಷ್ಟು ಜನ ಸರಿಯಾಗಿ ಮಾಡಿದರು. ನಾಲ್ವರಲ್ಲಿ ಒಬ್ಬರು ತದ್ವಿರುದ್ಧವಾಗಿ ಕೆಳಕ್ಕೆ ತಿಣುಕಿ, ಇದ್ದ ತೊಂದರೆಯನ್ನು ಹೆಚ್ಚಿಸುವಂತೆ ಮಾಡುತ್ತಿದ್ದರು.

ಸರಿಯಾದ ಕ್ರಮ ಹೀಗೆ. ಮಲಗಿ ಅಥವಾ ಕುಳಿತು, ಉಸಿರನ್ನು ಸಹಜವಾಗಿ ಎಳೆದುಕೊಳ್ಳಬೇಕು; ಆಗ ಹೊಟ್ಟೆಯನ್ನೂ ತಳವನ್ನೂ ಸಡಿಲ ಬಿಡಬೇಕು. ಉಸಿರು ಬಿಡುತ್ತ, ಮೂತ್ರವನ್ನೂ ಅಪಾನವಾಯುವನ್ನೂ ತಡೆಯುವಾಗ ಹೇಗೋ ಹಾಗೆ ತಳವನ್ನು ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳಬೇಕು. ಕೆಲವು ಎಣಿಕೆ ಹಿಡಿದು, ಅಷ್ಟೇ ಹೊತ್ತು ಪೂರ್ತಿಯಾಗಿ ಬಿಡಬೇಕು. ಹಿಡಿದಿರುವಾಗ ಉಸಿರು ನಡೆಯುತ್ತಲೇ ಇರಬೇಕು. ಮಾತನಾಡಲು ಬರುತ್ತಿದೆಯೇ ಎಂಬುದೇ ಇದಕ್ಕೆ ಪರೀಕ್ಷೆ. ತೊಡೆ, ಪಿರ್ರೆಗಳು ಬಿಗಿಯಬಾರದು. ಸಲಕ್ಕೆ ಎಂಟರಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ನಡೆಸಬೇಕೆಂದು ವೈದ್ಯರು ವಿಧಿಸುತ್ತಾರೆ. ಮೂತ್ರ ವಿಸರ್ಜಿಸುತ್ತಿರುವಾಗಲೇ ನಿಲ್ಲಿಸಿ ಅಭ್ಯಾಸ ಮಾಡುವ ಚಾಳಿ ಒಳ್ಳೆಯದಲ್ಲ. ಹಠಯೋಗದಲ್ಲಿ ಬರುವ ಮೂಲಬಂಧ ಇದೇ ಪ್ರದೇಶವನ್ನು ಸಂಕೋಚಿಸುವ ಕ್ರಿಯೆಯಾದರೂ ಅದರ ಗುರಿ ಬೇರೆ. ಎರಡನ್ನೂ ಒಂದೆನ್ನಲು ನಾನು ಸಿದ್ಧಳಿಲ್ಲ.

ಉಸಿರಾಟದ ಅಭ್ಯಾಸವೊಂದರಿಂದಲೇ ಎಲ್ಲವೂ ಸರಿಹೋಗುತ್ತದೆಂದು ಸಾರುವವರೂ ಇದ್ದಾರೆ. ಅದನ್ನು ನಂಬಬಾರದು. ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ, 2018ರ ಕಾಕ್ರೇನ್ ಸಮೀಕ್ಷೆಯಲ್ಲಿಯೂ, ಗುಣ ಸ್ಪಷ್ಟವಾಗಿ ಕಂಡಿರುವುದು ತಳಸ್ನಾಯುಗಳ ನೇರ ವ್ಯಾಯಾಮಕ್ಕೆ. ನಾರ್ವೆಯ ಕಾರಿ ಬೋ ಮೊದಲಾದವರು 2013ರಲ್ಲಿ ಉಳಿದ ಪದ್ಧತಿಗಳನ್ನು ಪರಿಶೀಲಿಸಿ, ಅವುಗಳಿಗೆ ಅಷ್ಟು ಬಲವಾದ ಆಧಾರ ಇನ್ನೂ ಇಲ್ಲವೆಂದರು. ಉಸಿರಿನಿಂದ ಸಿಗುವುದು ಮುಖ್ಯವಾಗಿ ವೇಳೆಯ ಅರಿವು: ಯಾವಾಗ ಬಿಗಿಯಬೇಕು, ಯಾವಾಗ ಬಿಡಬೇಕು. ವೇಳೆಯ ಅರಿವೇನು ಸಣ್ಣದಲ್ಲ. 1998ರಲ್ಲಿ ಜಾನಿಸ್ ಮಿಲ್ಲರ್, ಯಂತ್ರಶಾಸ್ತ್ರಜ್ಞ ಜೇಮ್ಸ್ ಆಷ್ಟನ್-ಮಿಲ್ಲರ್ ಮತ್ತು ಡಿಲಾನ್ಸಿ 27 ಮಂದಿ ವಯಸ್ಸಾದ ಸ್ತ್ರೀಯರಿಗೆ, ಕೆಮ್ಮು ಬರುವ ತುಸು ಮೊದಲು ತಳವನ್ನು ಬಿಗಿದುಕೊಳ್ಳುವ ಒಂದೇ ಉಪಾಯವನ್ನು ಕಲಿಸಿದರು. ಒಂದು ವಾರದಲ್ಲಿ ಸ್ನಾಯುವೇನೂ ಬಲಿಯಲಾರದು. ಆದರೂ ವಾರದ ಕೊನೆಗೆ ಆ ಉಪಾಯದಿಂದ ಸಾಧಾರಣ ಕೆಮ್ಮಿನ ಸೋರಿಕೆ ಬಹುಮಟ್ಟಿಗೆ ನಿಂತಿತ್ತು. ಜೋರಾದ ಕೆಮ್ಮಿನಲ್ಲಿ ಸುಮಾರು ಮುಕ್ಕಾಲು ಪಾಲು ಕಡಿಮೆಯಾಗಿತ್ತು. ವೈದ್ಯನ ಪಕ್ಕದಲ್ಲಿ ಯಂತ್ರಶಾಸ್ತ್ರಜ್ಞನೊಬ್ಬ ಕುಳಿತದ್ದು ನನಗೆ ಸಂತೋಷದ ಸಂಗತಿ.

ಹುಡುಗಿಯರಿಗೆ ಸಂಬಂಧಿಸಿದ ಒಂದು ಮಾತು. ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿರುವ ಹೆಂಗಸರು ಮರೆ ಸಿಗದೆಂದು ನೀರನ್ನೇ ಕುಡಿಯುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಬೀಗ ಹಾಕಿದ ಒಂದು ಶೌಚಾಲಯವಿತ್ತು. ನಾವೂ ಹಾಗೆಯೇ ಬಾಯಾರಿ ಕುಳಿತಿದ್ದೆವು, ಸಿಕ್ಕಿದಾಗ ಅವಸರದಲ್ಲಿ ಉಸಿರು ಕಟ್ಟಿ ತಿಣುಕಿ ಮುಗಿಸುತ್ತಿದ್ದೆವು. ರಾಯಚೂರಿನ ಬಿಸಿಲಿನಲ್ಲಿ ನೀರು ಬಿಡುವುದರಿಂದ ಮೂತ್ರಮಾರ್ಗದ ಸೋಂಕಿಗೂ ಮಲಬದ್ಧತೆಗೂ ದಾರಿಯಾಗುತ್ತದೆ. ಮಲಬದ್ಧತೆಯಿಂದ ಮತ್ತೆ ತಿಣುಕಾಟ. ಮೂತ್ರ ಮಾಡುವಾಗ ತಳ ಸಡಿಲವಾಗಬೇಕು, ಉಸಿರು ನಡೆಯುತ್ತಿರಬೇಕು, ನೂಕಬಾರದು.

ಸೋರುವುದೇ ಅಲ್ಲದೆ, ಕೆಳಗೆ ಏನೋ ಜಾರಿದಂತಾಗುವುದು, ಗಂಟು ಕೈಗೆ ತಗಲುವುದು, ಮೂತ್ರದಲ್ಲಿ ರಕ್ತ ಅಥವಾ ಉರಿ, ಇವು ಕಂಡರೆ ಯಾವ ವ್ಯಾಯಾಮವನ್ನೂ ನೆಚ್ಚದೆ ವೈದ್ಯರ ಬಳಿ ಹೋಗಬೇಕು. ಗರ್ಭಕೋಶ ಜಾರಿದುದೆಲ್ಲಕ್ಕೂ ಅದನ್ನು ಕಿತ್ತು ಹಾಕುವುದೇ ಮದ್ದಲ್ಲ; ಒಳಗೆ ಇರಿಸುವ ಬಳೆಗಳುಂಟು, ಎತ್ತಿ ಹೊಲಿಯುವ ಶಸ್ತ್ರಕ್ರಿಯೆಗಳುಂಟು. ಕಲಬುರಗಿ ಜಿಲ್ಲೆಯಲ್ಲಿ ತಾಂಡಾಗಳ ಅನೇಕ ಹೆಂಗಸರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದುಹಾಕಿದರೆಂಬ ದೂರು 2015ರ ಸುಮಾರಿಗೆ ದೊಡ್ಡದಾಗಿ, ತನಿಖೆಗಳು ನಡೆದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಸಣ್ಣ ತೊಂದರೆಯನ್ನು ಬಾಯಿಬಿಟ್ಟು ಹೇಳಲಾಗದೆ ಹದಿನೆಂಟು ವರ್ಷ ನುಂಗಿಕೊಂಡವರು, ಕೊನೆಗೆ ಮೊದಲು ಸಿಕ್ಕವರ ಮಾತಿಗೆ ತಲೆಯೊಡ್ಡುತ್ತಾರೆ.

ಚಿಗವ್ವನನ್ನು ರಾಯಚೂರಿಗೆ ಕರೆತಂದು ಸ್ತ್ರೀರೋಗ ತಜ್ಞೆಯೊಬ್ಬರಿಗೆ ತೋರಿಸಿದೆ. ಜಾರಿಕೆ ಇಲ್ಲ, ಸ್ನಾಯು ಸಡಿಲವಾಗಿದೆಯೆಂದು ಹೇಳಿ, ತಾವೇ ಕೈಯಿಟ್ಟು ನೋಡಿ ವ್ಯಾಯಾಮವನ್ನು ಕಲಿಸಿದರು. ಮೊದಲ ದಿನ ಅವಳೂ ಆ ನಾಲ್ವರಲ್ಲಿ ಒಬ್ಬಳೇ ಆಗಿದ್ದಳು. ಉಸಿರನ್ನು ಕಟ್ಟಿ ಕೆಳಕ್ಕೆ ನೂಕುತ್ತಿದ್ದಳು. "ಉಸಿರು ಬಿಡ್ರಿ ಅಮ್ಮ, ಬಿಡ್ತಾ ಮೇಲಕ್ಕೆ ಎಳೀರಿ" ಎಂದು ವೈದ್ಯೆ ನಾಲ್ಕೈದು ಬಾರಿ ಹೇಳಿದ ಮೇಲೆ ಸರಿಹೋಯಿತು. ಮೂರು ತಿಂಗಳು ಎಣಿಸಲು ಅವಳು ಕ್ಯಾಲೆಂಡರಿನಲ್ಲಿ ಇದ್ದಿಲಿನ ಗೆರೆ ಹಾಕುತ್ತಿದ್ದಳಂತೆ. ಪೂರ್ತಿ ನಿಂತಿಲ್ಲ. ನೆಗಡಿ ಬಂದಾಗ ಈಗಲೂ ಆಗುತ್ತದೆ. ಆದರೆ ಕೆಮ್ಮು ಬರುವ ಸೂಚನೆಯಾದೊಡನೆ ಮೊದಲು ತಳವನ್ನು ಬಿಗಿಯುವ ಅಭ್ಯಾಸ ಅವಳಿಗೆ ಬಂದುಬಿಟ್ಟಿದೆ. ಕಳೆದ ಶ್ರಾವಣದಲ್ಲಿ ಮಾನ್ವಿಯಿಂದ ದೇವದುರ್ಗಕ್ಕೆ, ಮಗಳ ಮನೆಗೆ, ಬಸ್ಸಿನಲ್ಲಿ ಹೋಗಿ ಬಂದಳು.

ತರಗತಿಯ ಸಾಲವೊಂದು ಉಳಿದಿತ್ತು. ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಎರಡು ತುದಿಗಳನ್ನೂ ಕತ್ತರಿಸಿ, ಎರಡಕ್ಕೂ ಬಲೂನಿನ ರಬ್ಬರನ್ನು ಬಿಗಿದು, ಒಳಗೆ ಗಾಳಿಯ ಗುಳ್ಳೆ ನಿಲ್ಲದಂತೆ ನೀರು ತುಂಬಿ, ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಕೈಗೆ ಕೊಟ್ಟೆ. ಮೇಲಿನ ರಬ್ಬರನ್ನು ಅಂಗೈಯಿಂದ ಒತ್ತಿದೊಡನೆ ಕೆಳಗಿನದು ಉಬ್ಬಿತು. ಬಾಟಲಿಯ ಪಕ್ಕಗಳನ್ನೂ ಗೆಳತಿ ಹಿಂಡಿದಾಗ ಇನ್ನಷ್ಟು ಉಬ್ಬಿತು. ಮೇಲಿನ ಕೈಯನ್ನು ತೆಗೆದು ಪಕ್ಕಗಳನ್ನು ಮಾತ್ರ ಹಿಂಡಿದಾಗ ಉಬ್ಬು ಮೇಲೆ ಕೆಳಗೆ ಹಂಚಿಹೋಯಿತು. "ಇದು ಉಸಿರು ಬಿಟ್ಟು ಎತ್ತಿದಂಗ" ಎಂದು ಅವಳೇ ಹೇಳಿದಳು. ಆ ಬಾಟಲಿ ಈಗ ಪ್ರಯೋಗಶಾಲೆಯ ಕಪಾಟಿನಲ್ಲಿ ಗಾಜಿನ ಜಾಡಿಯ ಪಕ್ಕದಲ್ಲಿದೆ. ನಮ್ಮೂರಿನ ಬೇಸಗೆಗೆ ರಬ್ಬರು ಬೇಗ ಹಳಸುವುದರಿಂದ, ತಳದ ಬಲೂನನ್ನು ಮಾತ್ರ ಆಗಾಗ ಬದಲಾಯಿಸಬೇಕಾಗಿದೆ.